ಕಾಣದವರ ಮೇಲಣ ಹಗೆ

ಚನ್ನಗಿರಿಯ ಸೀಮೆಯಲ್ಲಿ ನಲ್ಲೂರು ಎಂಬುದೊಂದು ಗ್ರಾಮವುಂಟು. ಹಳಗನ್ನಡದಲ್ಲಿ ‘ನಲ್’ ಎಂದರೆ ಒಳ್ಳೆಯದು; ಆ ಲೆಕ್ಕದಲ್ಲಿ ನಲ್ಲೂರೆಂದರೆ ಒಳ್ಳೆಯ ಊರು. ಊರು ಒಳ್ಳೆಯದೋ ಅಲ್ಲವೋ ಎಂಬುದನ್ನು ಹಿಂದಿನವರು ಅಳೆಯುತ್ತಿದ್ದ ಅಳತೆಗೋಲುಗಳು ಹಲವು: ಕೆರೆಯ ನೀರು, ಹೊಲದ ಮಣ್ಣು, ದೇವರ ಪೂಜೆ. ಇವುಗಳೊಡನೆ ಇನ್ನೂ ಒಂದುಂಟು. ದಾರಿ ತಪ್ಪಿ ಬಂದ ಅಪರಿಚಿತನಿಗೆ ಊರ ಬಾಗಿಲಲ್ಲಿ ಯಾವ ಮಾತು ಸಿಕ್ಕುವುದೋ ಅದರಿಂದಲೂ ಊರಿನ ಗುಣ ತಿಳಿಯುತ್ತಿದ್ದಿತು. ಈಗ ಅಪರಿಚಿತನು ಊರ ಬಾಗಿಲಿಗೆ ಬರುವುದಕ್ಕಿಂತ ಹೆಚ್ಚಾಗಿ ಅಂಗೈಯೊಳಗಿನ ಮೊಬೈಲಿನಲ್ಲಿ ಬರುತ್ತಾನೆ. ಅಡಿಕೆಯ ತೋಟದಲ್ಲಿ ಕುಳಿತವನು ತಾನು ಎಂದೂ ಕಾಣದ, ಮುಂದೆಯೂ ಕಾಣಲಾರದ ಮನುಷ್ಯನೊಡನೆ ಮಾತಿಗೆ ಮಾತು ಬೆಳೆಸಬಲ್ಲನು. ಆ ಮಾತು ಬಹುಬೇಗ ಬೈಗುಳಾಗುವುದನ್ನೂ, ಬೈಗುಳು ಬೆದರಿಕೆಯಾಗುವುದನ್ನೂ, ಬೆದರಿಕೆಯು ಒಮ್ಮೊಮ್ಮೆ ಬೀದಿಯ ಏಟಾಗುವುದನ್ನೂ ಈ ಕಾಲದ ಜನರು ಕಂಡಿದ್ದಾರೆ.

ಬೀದಿಯಲ್ಲಿ ಸೌಮ್ಯನಾದ, ಹಿರಿಯರೆದುರಿಗೆ ದನಿಯೆತ್ತದ ಗೃಹಸ್ಥನು ಅಂತರಜಾಲದಲ್ಲಿ ಅಪರಿಚಿತನ ಮೇಲೆ ಹರಿಹಾಯುವುದೇಕೆ? ಈ ಪ್ರಶ್ನೆಗೆ ಎರಡು ಸಿದ್ಧವಾದ ಉತ್ತರಗಳುಂಟು. ಕಾಲ ಕೆಟ್ಟಿತೆಂಬುದು ಒಂದು; ಯಂತ್ರವು ಮನುಷ್ಯನನ್ನು ಕೆಡಿಸಿತೆಂಬುದು ಮತ್ತೊಂದು. ಎರಡೂ ಪೂರ್ತಿ ಸತ್ಯವಲ್ಲ. ಕಾಣದವರನ್ನು ಶಪಿಸುವುದು ಕನ್ನಡಿಗರಿಗೆ ಹೊಸದಲ್ಲವೆಂಬುದನ್ನು ಈ ಸೀಮೆಯ ಕಲ್ಲುಗಳೇ ಹೇಳುತ್ತವೆ. ಹೊಸದಾದುದು ಬೇರೊಂದು, ಅದಾವುದೆಂಬುದನ್ನು ಚರಿತ್ರೆಯ ದಾರಿಯಲ್ಲಿ ಹುಡುಕುವುದು ಲೇಸು.

ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಸೇರಿವೆ. ಹೊನ್ನಾಳಿಯೂ ಚನ್ನಗಿರಿಯೂ ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅವು ಚಿತ್ರದುರ್ಗದಿಂದ ಬಂದ ಜಗಳೂರಿನೊಡನೆ ಅದರೊಳಗೆ ಕೂಡಿದವು. ಈ ಒಂದೇ ಸಂಪುಟದೊಳಗೆ ಅಪರಿಚಿತನ ವಿಷಯವಾಗಿ ಎರಡು ಬಗೆಯ ಮಾತುಗಳು ಅಕ್ಕಪಕ್ಕದಲ್ಲಿ ನಿಂತಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠದ ಕ್ರಿ. ಶ. ೧೧೬೨ರ ಶಾಸನವು ಆ ಮಠದಲ್ಲಿ ಯಾರು ಯಾರಿಗೆ ಅನ್ನ ದೊರೆಯುತ್ತಿದ್ದಿತೆಂಬುದನ್ನು ಎಣಿಸಿ ಹೇಳುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ನಾನಾ ಮತಗಳ ಸಂನ್ಯಾಸಿಗಳು, ನಾನಾ ದೇಶಗಳಿಂದ ಬಂದ ಭಿಕ್ಷುಕರು, ಇವರೆಲ್ಲರೂ ಆ ಪಟ್ಟಿಯಲ್ಲಿದ್ದಾರೆ. ರೋಗಿಗಳಿಗೆ ಅಲ್ಲಿ ಔಷಧವೂ, ಅಂಜಿ ಬಂದವರಿಗೆ ಅಭಯವೂ ಉಂಟೆಂದು ಶಾಸನದ ಮಾತು. ಹೆಸರು ಕುಲಗಳನ್ನು ಕೇಳುವುದಕ್ಕೆ ಮೊದಲೇ ಬಡಿಸುವ ಊಟದ ಚಿತ್ರವಿದು.

ಎರಡನೆಯ ಬಗೆಯ ಮಾತು ದಾನಶಾಸನಗಳ ಕಡೆಯ ಸಾಲುಗಳಲ್ಲಿ ಬರುತ್ತದೆ. ಕೊಟ್ಟ ಭೂಮಿಯನ್ನು ಮುಂದೆ ಅಪಹರಿಸುವವನು ಅರುವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುವನೆಂದೂ, ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪಕ್ಕೆ ಹೋಗುವನೆಂದೂ ಅಲ್ಲಿ ಶಾಪವಿರುತ್ತದೆ. ನಾಡಿನ ಕೆಲವೆಡೆ ಕತ್ತೆಯ ಚಿತ್ರ ಕೆತ್ತಿ ನಾಲಗೆಯಲ್ಲಿ ಆಡಲಾಗದ ಬೈಗುಳನ್ನು ಸೂಚಿಸಿದ ಕಲ್ಲುಗಳೂ ಉಂಟು. ಇವೆಲ್ಲ ಯಾರನ್ನು ಕುರಿತು? ಇನ್ನೂ ಹುಟ್ಟದವನನ್ನು, ಬರೆಯಿಸಿದವನು ಎಂದೂ ಕಾಣದವನನ್ನು ಕುರಿತು! ಆದುದರಿಂದ ಕಾಣದವನ ಮೇಲೆ ಕಠೋರ ಮಾತಾಡುವುದು ಅಂತರಜಾಲದಿಂದ ಆರಂಭವಾಯಿತೆಂದು ಹೇಳಲಾಗದು.

ಆದರೆ ಆ ಶಾಪಕ್ಕೂ ಈ ಬೈಗುಳಿಗೂ ನಡುವೆ ದೊಡ್ಡ ಅಂತರವುಂಟು. ಶಾಸನದ ಶಾಪವು ಕೃತ್ಯದ ಮೇಲಿನದು, ಮನುಷ್ಯನ ಮೇಲಿನದಲ್ಲ. ಭೂಮಿಯನ್ನು ಕದಿಯದವನಿಗೆ ಅದು ತಗಲದು. ಅದಕ್ಕೆ ಜೊತೆಯಾಗಿ ಹರಕೆಯೂ ಇರುತ್ತದೆ: ಧರ್ಮವನ್ನು ಪ್ರತಿಪಾಲಿಸಿದವನಿಗೆ ಸಾವಿರ ಗೋವುಗಳನ್ನು ದಾನ ಕೊಟ್ಟ ಫಲವೆಂದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಹೆಸರುಳ್ಳ ಮಾತು. ಕೊಟ್ಟವನು ಯಾರು, ಸಾಕ್ಷಿಗಳು ಯಾರು, ಹಲವೆಡೆ ಬರೆದವನು ಯಾರು, ಕೆತ್ತಿದವನು ಯಾರು ಎಂಬುದು ಅದೇ ಕಲ್ಲಿನಲ್ಲಿರುತ್ತದೆ. ಕಲ್ಲು ಊರ ನಡುವೆ ನಿಂತಿರುತ್ತದೆ. ಅದರ ಮಾತಿಗೆ ಊರೇ ಹೊಣೆ. ಈಗಿನ ಬೈಗುಳಿನಲ್ಲಿ ಈ ಮೂರೂ ಇಲ್ಲ. ಅದು ಕೃತ್ಯವನ್ನು ಬಿಟ್ಟು ಮನುಷ್ಯನನ್ನು ಹಿಡಿಯುತ್ತದೆ, ಹರಕೆಯಿಲ್ಲದ ಶಾಪವಾಗಿರುತ್ತದೆ, ಅದಕ್ಕೆ ಹೊಣೆಗಾರನಿರುವುದಿಲ್ಲ.

ಹಳೆಯ ಊರುಗಳು ಅಪರಿಚಿತನನ್ನು ಸಂಶಯವಿಲ್ಲದೆ ಬರಮಾಡಿಕೊಳ್ಳುತ್ತಿದ್ದವೆಂದು ತಿಳಿಯಬಾರದು. ಅವು ಸಂಶಯಕ್ಕೂ ಒಂದು ಕ್ರಮವನ್ನು ಮಾಡಿಕೊಂಡಿದ್ದವು. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪುಷ್ಕರಣಿಯ ಬಳಿ ಇಂದಿಗೂ ನಿಂತಿರುವ ಕಟ್ಟಡಕ್ಕೆ ಮುಸಾಫಿರ್‌ಖಾನೆ ಎಂದು ಹೆಸರು. ದಾರಿಹೋಕರ ತಂಗುಮನೆ ಎಂಬುದು ಆ ಶಬ್ದದ ಅರ್ಥ. ಊರ ಹೆಸರಿನಲ್ಲಿಯೇ ಸಂತೆ ಇದೆ. ಸಂತೆಯೆಂದರೆ ಅಪರಿಚಿತರು ವಾರಕ್ಕೊಮ್ಮೆ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಕಲಿಯುವ ಪಾಠಶಾಲೆ. ಅಲ್ಲಿ ಚೌಕಾಸಿಯುಂಟು, ಜಗಳವುಂಟು. ಆದರೆ ಮುಂದಿನ ವಾರ ಅದೇ ಮುಖ ಎದುರಿಗೆ ಬರುವುದೆಂಬ ಅರಿವೂ ಉಂಟು. ಹೊಸಬನು ಹಳ್ಳಿಗೆ ಬಂದರೆ ಕಟ್ಟೆಯ ಮೇಲಿನವರು ಮೊದಲು ಕೇಳುತ್ತಿದ್ದ ಪ್ರಶ್ನೆ, ‘ಯಾವೂರಾಯಿತಪ್ಪ? ಯಾರ ಪೈಕಿ?’ ಎಂಬುದು. ಅದು ತನಿಖೆಯೂ ಹೌದು, ಸ್ವಾಗತವೂ ಹೌದು. ಉತ್ತರ ಬರುವವರೆಗೆ ಅವನು ಅಪರಿಚಿತ. ಬಂದ ಮೇಲೆ ಯಾರದೋ ನೆಂಟ, ಯಾರದೋ ಊರಿನವನು.

ಈ ಕ್ರಮದ ತಳದಲ್ಲಿದ್ದ ಭಾವನೆಗೆ ಕನ್ನಡದಲ್ಲಿ ಒಂದು ಹೆಸರುಂಟು: ಮುಖದಾಕ್ಷಿಣ್ಯ. ಎದುರಿಗೆ ಮುಖವಿದ್ದಾಗ ನಾಲಗೆ ತಾನಾಗಿ ತಗ್ಗುವುದು ಇದರ ಸ್ವಭಾವ. ‘ಮುಖ ಕೊಟ್ಟು ಮಾತಾಡು’, ‘ಮುಖ ಮುರಿದು ಹೇಳು’, ‘ಯಾವ ಮುಖವಿಟ್ಟುಕೊಂಡು ಹೋಗಲಿ’ ಎಂದು ಜನರು ಆಡುವ ಮಾತುಗಳಲ್ಲೆಲ್ಲ ಮರ್ಯಾದೆಯು ಮುಖದಲ್ಲಿ ನೆಲೆಸಿದೆಯೆಂಬ ತಿಳಿವಳಿಕೆ ಅಡಗಿದೆ. ದಾಕ್ಷಿಣ್ಯಕ್ಕೆ ಸಿಕ್ಕಿ ಕೆಟ್ಟವರನ್ನು ಗಾದೆಗಳು ಹಾಸ್ಯ ಮಾಡುವುದೂ ಉಂಟು. ಅದು ನ್ಯಾಯವೇ, ದಾಕ್ಷಿಣ್ಯವು ಸತ್ಯವನ್ನು ಮುಚ್ಚಿದ್ದೂ ಉಂಟು. ಊರಿನ ಹೊರಗಣ ಕೇರಿಯವರಿಗೆ ಮುಖವಿದ್ದರೂ ಆ ಮುಖವನ್ನು ನೋಡದಂತೆ ಊರು ಶತಮಾನಗಳ ಕಾಲ ಅಭ್ಯಾಸ ಮಾಡಿಕೊಂಡಿದ್ದಿತು. ದಿನವೂ ಕಾಣುವವನನ್ನೂ ಕಾಣದವನನ್ನಾಗಿ ಮಾಡುವ ವಿದ್ಯೆ ಮನುಷ್ಯನಿಗೆ ಹಳೆಯದು. ಹಳೆಯ ಊರನ್ನು ಹೊಗಳುವವರು ಇದನ್ನು ಮರೆಯಬಾರದು.

ಮಾತು ಬಾಯಿಂದ ಕಾಗದಕ್ಕೆ ಇಳಿದಾಗ ಮುಖವು ಮೊದಲ ಬಾರಿಗೆ ಹಿಂದೆ ಸರಿಯಿತು. ಕಚೇರಿಗಳಲ್ಲಿ ‘ಮೂಕರ್ಜಿ’ ಎಂಬ ಶಬ್ದ ಬಳಕೆಗೆ ಬಂದಿತು. ರುಜುವಿಲ್ಲದ ಅರ್ಜಿಗೆ ಜನರಿಟ್ಟ ಹೆಸರಿದು; ಬಾಯಿಲ್ಲದ ಅರ್ಜಿ ಎಲ್ಲಕ್ಕಿಂತ ಹೆಚ್ಚು ಮಾತಾಡುತ್ತದೆಂಬ ವ್ಯಂಗ್ಯವೂ ಅದರಲ್ಲಿದೆ. ಇದರ ಅಪಾಯವನ್ನು ಕಾನೂನು ಬೇಗನೆ ಗುರುತಿಸಿತು. ೧೮೬೦ರ ಭಾರತೀಯ ದಂಡಸಂಹಿತೆಯ ೫೦೭ನೆಯ ಕಲಮು, ಹೆಸರು ಮರೆಸಿಕೊಂಡು ಬೆದರಿಸುವವನಿಗೆ ಬೆದರಿಕೆಯ ಮಾಮೂಲು ಶಿಕ್ಷೆಯ ಮೇಲೆ ಎರಡು ವರ್ಷಗಳವರೆಗೆ ಹೆಚ್ಚಿನ ಸೆರೆಯನ್ನು ಗೊತ್ತುಮಾಡಿತು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ. ಮುಖವಿಲ್ಲದ ಬೆದರಿಕೆಯು ಮುಖವಿರುವ ಬೆದರಿಕೆಗಿಂತ ಕೆಟ್ಟದ್ದೆಂದು ಅಂಚೆಯ ಕಾಲದಲ್ಲಿಯೇ ಶಾಸನಕರ್ತರು ಕಂಡಿದ್ದರು.

ಮುದ್ರಣದ ವಿಷಯವೂ ಹೀಗೆಯೇ. ೧೮೪೩ರಲ್ಲಿ ಹರ್ಮನ್ ಮೊಗ್ಲಿಂಗ್ ಅವರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲು ಹಾಕಿದರು. ೧೮೬೭ರ ಮುದ್ರಣ ಮತ್ತು ಪುಸ್ತಕಗಳ ನೋಂದಣಿಯ ಕಾಯಿದೆಯು ಅಚ್ಚಾದ ಪ್ರತಿಯೊಂದು ಪುಸ್ತಕ, ಪತ್ರಿಕೆಯ ಮೇಲೂ ಮುದ್ರಕನ ಹೆಸರನ್ನೂ ಸ್ಥಳವನ್ನೂ ಕಾಣಿಸಬೇಕೆಂದು ವಿಧಿಸಿತು. ಕಾವ್ಯನಾಮದಲ್ಲಿ ಬರೆಯುವವರು ಕನ್ನಡದಲ್ಲಿ ಎಷ್ಟೋ ಮಂದಿ ಇದ್ದರು. ಆದರೆ ಅವರು ಯಾರೆಂಬುದು ಸಂಪಾದಕನಿಗೆ ಗೊತ್ತಿರುತ್ತಿದ್ದಿತು. ಓದುಗನಿಗೆ ಹೆಸರು ಮರೆಯಾಗಿದ್ದರೂ ಹೊಣೆ ಮರೆಯಾಗಿರಲಿಲ್ಲ. ಮತ್ತೊಂದು ಉಪಕಾರವೂ ಇದ್ದಿತು: ಸಿಟ್ಟಿನಲ್ಲಿ ಬರೆದ ಕಾಗದ ಅಂಚೆಯಲ್ಲಿ ಹೋಗಿ, ಸಂಪಾದಕನ ಮೇಜಿನ ಮೇಲೆ ಕುಳಿತು, ಅಚ್ಚಿಗೆ ಬರುವುದರೊಳಗೆ ಬರೆದವನ ಸಿಟ್ಟೇ ಇಳಿದಿರುತ್ತಿದ್ದಿತು.

ಅಂತರಜಾಲವು ಈ ಎರಡು ತಡೆಗಳನ್ನೂ, ನಡುವಣ ಹೊಣೆಗಾರನನ್ನೂ ನಡುವಣ ಕಾಲವನ್ನೂ, ಒಟ್ಟಿಗೇ ತೆಗೆದುಹಾಕಿತು. ಅದರ ಪರಿಣಾಮವನ್ನು ಕರ್ನಾಟಕವು ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡುದು ೨೦೧೨ರಲ್ಲಿ. ಆ ವರ್ಷದ ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಮೊದಲಾದ ಜಿಲ್ಲೆಗಳಲ್ಲಿ ಗಲಭೆಯಾಯಿತು. ಆಗಸ್ಟ್ ನಡುಭಾಗದಲ್ಲಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಈಶಾನ್ಯ ರಾಜ್ಯಗಳವರ ಮೇಲೆ ಸೇಡು ತೀರಿಸಿಕೊಳ್ಳುವರೆಂಬ ಸುದ್ದಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿತು. ಕೆಲವೇ ದಿನಗಳಲ್ಲಿ ಸಹಸ್ರಾರು ಜನರು ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರವು ಆಗಸ್ಟ್ ೧೭ರಂದು ಸಗಟು ಸಂದೇಶಗಳನ್ನು ನಿಷೇಧಿಸಿ, ಸಂದೇಶಗಳಿಗೆ ಐದರ ಮಿತಿಯನ್ನು ಹಾಕಿತು. ಅಂಜಿದವರಿಗೆ ಅಂಜಿಸುವವನ ಮುಖ ಕಾಣದು. ಕಾಣದುದರಿಂದಲೇ ಇಡೀ ನಗರವೇ ಅವನ ಮುಖವೆಂದು ಅವರಿಗೆ ತೋರಿತು. ಹಗೆ ಮತ್ತು ಹೆದರಿಕೆ ಅವಳಿಗಳೆಂಬುದಕ್ಕೆ ಇದೊಂದು ಸಾಕ್ಷಿ.

ಆರು ವರ್ಷಗಳ ಮೇಲೆ ಅವಳಿಗಳಲ್ಲಿ ಮತ್ತೊಂದು ಮುಂದೆ ಬಂದಿತು. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪ್ ಮೂಲಕ ದೇಶದ ಹಲವು ಭಾಗಗಳಲ್ಲಿ ಹರಡಿತು. ಸುದ್ದಿಯೊಡನೆ ಹರಿದಾಡಿದ ಚಲಚ್ಚಿತ್ರಗಳಲ್ಲಿ ಒಂದು, ಮಕ್ಕಳ ರಕ್ಷಣೆಯ ಬಗೆಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದುದು. ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ತಂದು ಬಿಡುವ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಮೇ ೨೩ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ ತರುಣನೊಬ್ಬನನ್ನು ಜನರು ಹೊಡೆದು ಕೊಂದರು. ಜುಲೈ ೧೩ರಂದು ಬೀದರ್ ಜಿಲ್ಲೆಯಲ್ಲಿ ಅದಕ್ಕಿಂತ ಘೋರವಾದುದು ನಡೆಯಿತು. ಹೈದರಾಬಾದಿನ ಕಡೆಯಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯ ಹಳ್ಳಿಯಲ್ಲಿ ನಿಂತಾಗ, ಅವರಲ್ಲೊಬ್ಬನು ಮಕ್ಕಳಿಗೆ ವಿದೇಶದ ಚಾಕೊಲೇಟು ಹಂಚಿದನು. ಸಂಶಯ ಹುಟ್ಟಿತು, ಮಾತು ಬೆಳೆಯಿತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರು. ಕಾರಿಗಿಂತ ಮುಂಚೆ ಸಂದೇಶ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ದಾರಿ ಕಟ್ಟಿದ ಗುಂಪಿನ ಏಟಿಗೆ ಒಬ್ಬ ತಂತ್ರಜ್ಞನು ಸತ್ತನು, ಉಳಿದವರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟುಗಳಾದವು.

ಈ ಪ್ರಸಂಗವು ಮೇಲಿನ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವನ್ನು ಒಡ್ಡುತ್ತದೆ. ಮುರ್ಕಿಯಲ್ಲಿ ಮುಖಗಳು ಎದುರುಬದುರಾಗಿಯೇ ಇದ್ದವಲ್ಲ? ಹೊಡೆಯುವವರು ಹೊಡೆಸಿಕೊಳ್ಳುವವರನ್ನು ಕಣ್ಣಾರೆ ಕಂಡರಲ್ಲ? ದಾಕ್ಷಿಣ್ಯವೆಲ್ಲಿ ಹೋಯಿತು? ಉತ್ತರವು ಸಂದೇಶವೂ ಕಾರೂ ಬಂದ ಅನುಕ್ರಮದಲ್ಲಿದೆ. ಮನುಷ್ಯನ ಮುಖ ಊರನ್ನು ತಲಪುವ ಮೊದಲೇ ಅವನ ಮೇಲಣ ಕಥೆ ತಲಪಿದ್ದಿತು. ಜನರು ನೋಡಿದುದು ಎದುರಿಗಿದ್ದವನನ್ನಲ್ಲ, ಅಂಗೈಯಲ್ಲಿ ಬಂದಿದ್ದ ಚಿತ್ರವನ್ನು. ‘ಯಾವೂರಾಯಿತಪ್ಪ?’ ಎಂಬ ಪ್ರಶ್ನೆಗೆ ಅಲ್ಲಿ ಅವಕಾಶವೇ ಉಳಿಯಲಿಲ್ಲ. ಉತ್ತರ ಮೊದಲೇ ಬಂದುಬಿಟ್ಟಿದ್ದಿತು. ಹೊರಗಣ ಕೇರಿಯ ವಿಷಯದಲ್ಲಿ ಊರು ಶತಮಾನಗಳಲ್ಲಿ ಸಾಧಿಸಿದ್ದ ಕುರುಡನ್ನು ಈ ಯಂತ್ರವು ಒಂದು ಸಂಜೆಯಲ್ಲಿ ಸಾಧಿಸಿತು. ಅದೇ ತಿಂಗಳಿನಲ್ಲಿ ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿ ಹಾಕಿತು. ಗುಂಪುಹತ್ಯೆಗಳನ್ನು ತಡೆಯಲು ಸರ್ಕಾರಗಳು ಕೈಕೊಳ್ಳಬೇಕಾದ ಕ್ರಮಗಳನ್ನು ಸರ್ವೋಚ್ಚ ನ್ಯಾಯಾಲಯವು ಜುಲೈ ೧೭ರಂದು ವಿಧಿಸಿತು.

ಕೈಗೆ ಹೋಗದೆ ಮಾತಿನಲ್ಲಿಯೇ ನಿಲ್ಲುವ ಹಗೆಯ ಕಾರಣವೂ ಇದರಿಂದ ದೂರವಿಲ್ಲ. ೨೦೨೫ರ ಜುಲೈಯಲ್ಲಿ ಚಿತ್ರನಟಿಯೂ ಲೋಕಸಭೆಯ ಮಾಜಿ ಸದಸ್ಯೆಯೂ ಆದ ರಮ್ಯಾ ಅವರು, ನಟನೊಬ್ಬನ ಅಭಿಮಾನಿಗಳೆಂದು ಹೇಳಿಕೊಂಡವರು ತಮಗೆ ಕಳುಹಿಸಿದ ಅಶ್ಲೀಲ ಸಂದೇಶಗಳ ವಿಷಯವಾಗಿ ಬೆಂಗಳೂರಿನ ಪೊಲೀಸ್ ಕಮಿಷನರಿಗೆ ದೂರು ಕೊಟ್ಟರು. ಕೆಲವರ ಬಂಧನವೂ ಆಯಿತು. ಅಂಥ ಸಂದೇಶ ಬರೆಯುವವನು ಹುಟ್ಟಾ ದುಷ್ಟನೇ ಆಗಿರಬೇಕಾಗಿಲ್ಲವೆಂಬುದನ್ನು ಮನಶ್ಶಾಸ್ತ್ರಜ್ಞರ ಪರೀಕ್ಷೆಗಳು ತೋರಿಸುತ್ತವೆ. ೧೯೬೯ರಲ್ಲಿ ಅಮೆರಿಕದ ಫಿಲಿಪ್ ಜಿಂಬಾರ್ಡೋ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಮುಸುಕು ಹಾಕಿಸಿದ ವಿದ್ಯಾರ್ಥಿನಿಯರು ಹೆಸರು ಕಾಣುವಂತೆ ಕುಳಿತವರಿಗಿಂತ ಸುಮಾರು ಎರಡರಷ್ಟು ಹೊತ್ತು ಪರರಿಗೆ ವಿದ್ಯುತ್ತಿನ ಆಘಾತ ಕೊಡಲು ಗುಂಡಿಯೊತ್ತಿದರು. ೨೦೧೨ರಲ್ಲಿ ಇಸ್ರೇಲಿನ ಹೈಫಾ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕರು ೧೪೨ ಮಂದಿಯನ್ನು ಇಬ್ಬಿಬ್ಬರಾಗಿ ಕಂಪ್ಯೂಟರಿನಲ್ಲಿ ವಾದಿಸಲು ಬಿಟ್ಟರು. ಹೆಸರು ಗೊತ್ತಿಲ್ಲದಿರುವುದು, ಆಕಾರ ಕಾಣದಿರುವುದು, ಕಣ್ಣಿಗೆ ಕಣ್ಣು ಕೂಡದಿರುವುದು, ಈ ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದಾಗ ಒರಟುತನಕ್ಕೆ ಮುಖ್ಯ ಕಾರಣವಾಗಿ ತೋರಿದುದು ಮೂರನೆಯದು. ಮುಖದಾಕ್ಷಿಣ್ಯ ಎಂಬ ಶಬ್ದವನ್ನು ಬಳಕೆಗೆ ತಂದ ಅಜ್ಜಿಯರಿಗೆ ಈ ಫಲಿತಾಂಶ ಸೋಜಿಗವೆನಿಸುತ್ತಿರಲಿಲ್ಲ.

ಹಾಗಾದರೆ ಎಲ್ಲರಿಗೂ ನಿಜವಾದ ಹೆಸರನ್ನು ಕಡ್ಡಾಯ ಮಾಡಿದರೆ ಹಗೆ ಅಡಗುವುದೇ? ದಕ್ಷಿಣ ಕೊರಿಯಾ ೨೦೦೭ರಲ್ಲಿ ದೊಡ್ಡ ಜಾಲತಾಣಗಳಿಗೆ ಅಂಥ ನಿಯಮವನ್ನೇ ಮಾಡಿತು. ಬೈಗುಳು ಹೇಳಿಕೊಳ್ಳುವಷ್ಟು ಕಡಮೆಯಾಗಲಿಲ್ಲ. ೨೦೧೨ರ ಆಗಸ್ಟಿನಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು ನಿಯಮವನ್ನು ರದ್ದುಮಾಡಿತು. ಸ್ವಂತ ಹೆಸರಿನಿಂದ, ಸ್ವಂತ ಭಾವಚಿತ್ರವಿಟ್ಟುಕೊಂಡು ಬೈಯುವವರನ್ನು ಈ ನಾಡೂ ಬೇಕಾದಷ್ಟು ಕಂಡಿದೆ. ಇದಕ್ಕೆ ಕಾರಣವೇನೆಂದರೆ, ಬೈಯುವವನು ಮಾತಾಡುವುದು ಎದುರಾಳಿಯೊಡನೆಯಲ್ಲ, ಸುತ್ತ ನೆರೆದ ತನ್ನವರೊಡನೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೨೧ರಲ್ಲಿ ಟ್ವಿಟರಿನ ೭,೩೩೧ ಬಳಕೆದಾರರ ಒಂದು ಕೋಟಿ ಇಪ್ಪತ್ತೇಳು ಲಕ್ಷ ಬರೆಹಗಳನ್ನು ಪರಿಶೀಲಿಸಿದರು. ಕೋಪದ ಮಾತಿಗೆ ಹೆಚ್ಚು ಮೆಚ್ಚುಗೆ ಸಿಕ್ಕಿದವರು ಮುಂದೆ ಹೆಚ್ಚು ಕೋಪವನ್ನೇ ಬರೆದರೆಂದು ಅವರಿಗೆ ಕಂಡುಬಂದಿತು. ಸಂತೆಯಲ್ಲಿ ಜಗಳವಾಡುವವರನ್ನು ನಾಲ್ಕು ಜನ ಸೇರಿ ಬಿಡಿಸುತ್ತಾರೆ. ಜಾಲತಾಣದಲ್ಲಿ ನಾಲ್ಕು ಸಾವಿರ ಜನ ಸೇರಿ ಚಪ್ಪಾಳೆ ತಟ್ಟುತ್ತಾರೆ. ಬಿಡಿಸುವವನಿಗೆ ಅಲ್ಲಿ ಸ್ಥಾನವಿಲ್ಲ.

ಮರೆಯಿಂದ ಆಡುವ ಮಾತನ್ನು ಬಲಾತ್ಕಾರದಿಂದ ಅಡಗಿಸುವುದರಲ್ಲಿಯೂ ಕೇಡುಂಟು. ಮಾಹಿತಿ ತಂತ್ರಜ್ಞಾನ ಕಾಯಿದೆಗೆ ೨೦೦೮ರ ತಿದ್ದುಪಡಿಯಿಂದ ಸೇರಿದ ೬೬ಎ ಕಲಮು ‘ಕಿರಿಕಿರಿ’ಯುಂಟುಮಾಡುವ ಬರೆಹಕ್ಕೂ ಸೆರೆಮನೆಯನ್ನು ತೋರಿಸಿತ್ತು. ಅದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೫ರ ಮಾರ್ಚ್ ೨೪ರಂದು ಅದನ್ನು ತೊಡೆದುಹಾಕಿತು. ಯಜಮಾನನ ಅನ್ಯಾಯವನ್ನು ಹೇಳುವ ಆಳಿಗೂ, ಮೇಲಧಿಕಾರಿಯ ಲಂಚವನ್ನು ತಿಳಿಸುವ ಗುಮಾಸ್ತನಿಗೂ, ಮನೆಯೊಳಗಣ ಹಿಂಸೆಯನ್ನು ಹೇಳಿಕೊಳ್ಳುವ ಹೆಂಗಸಿಗೂ ಮರೆಯೇ ರಕ್ಷೆ. ಮುಖವು ದುರ್ಬಲನ ನಾಲಗೆಯನ್ನು ಕಟ್ಟುವುದಾದರೆ ಮುಖವಿಲ್ಲದಿರುವುದು ಅವನಿಗೆ ಬಿಡುಗಡೆ. ಮೂಕರ್ಜಿಗಳಲ್ಲಿ ಸುಳ್ಳು ಎಷ್ಟಿದ್ದಿತೋ, ಬೇರೆ ದಾರಿ ಕಾಣದವರ ನಿಜವೂ ಕೆಲವು ಸಲ ಅಷ್ಟೇ ಇದ್ದಿತು. ಮರೆಯಲ್ಲಿ ನಿಂತವನ ಮಾತು ಬಲಿಷ್ಠನ ಕೃತ್ಯದ ಮೇಲಿದೆಯೋ, ಇಲ್ಲವೆ ನಿರಪರಾಧಿಯ ದೇಹ, ಜಾತಿ, ಹೆಣ್ತನಗಳ ಮೇಲಿದೆಯೋ ಎಂಬುದೇ ಇಲ್ಲಿ ನೋಡತಕ್ಕ ವಿಷಯ. ಈ ವಿವೇಕವನ್ನು ದಾನಶಾಸನದ ಶಾಪವು ಎಂಟುನೂರು ವರ್ಷಗಳ ಹಿಂದೆಯೇ ತೋರಿಸಿದ್ದಿತು.

ಇಷ್ಟರಿಂದ ತಿಳಿಯುವುದೇನೆಂದರೆ, ಅಂತರಜಾಲವು ಮನುಷ್ಯನಲ್ಲಿ ಇಲ್ಲದ ಹಗೆಯನ್ನು ತಂದು ತುಂಬಲಿಲ್ಲ. ಹಗೆಗೂ ಕೃತಿಗೂ ನಡುವೆ ಇದ್ದ ಮುಖ, ಹೊಣೆ, ವಿಳಂಬ, ಬಿಡಿಸುವ ನಾಲ್ವರು, ಈ ಕಟ್ಟುಗಳನ್ನು ಅದು ಸಡಿಲಿಸಿತು. ಈ ಕಟ್ಟುಗಳು ತಾವಾಗಿ ಬೆಳೆದುವಲ್ಲ. ಕಟ್ಟೆ, ಸಂತೆ, ಛತ್ರ, ಪತ್ರಿಕೆ, ನ್ಯಾಯಸ್ಥಾನಗಳನ್ನು ಕಟ್ಟಿದವರು ಬಹುಕಾಲ ದುಡಿದು ಮಾಡಿಟ್ಟವು. ಹೊಸ ಬೀದಿಯಲ್ಲಿಯೂ ಅವನ್ನು ಯಾರಾದರೂ ಕಟ್ಟಬೇಕು. ಕಂಪನಿಯ ಮಿತಿ ಒಂದಿಷ್ಟು ಮಾಡೀತು. ಕಾಯಿದೆ ಒಂದಿಷ್ಟು ಮಾಡೀತು. ಉಳಿದುದು ಮನೆಗಳಿಗೆ ಸೇರಿದ ಕೆಲಸ. ಬಂದ ಸಂದೇಶವನ್ನು ಮುಂದೂಡುವ ಮೊದಲು ಒಂದು ರಾತ್ರಿ ಇರಿಸಿಕೊಳ್ಳುವುದು ಹಿಂದಿನ ಅಂಚೆಯ ವಿಳಂಬಕ್ಕೆ ಸಮ. ತನ್ನವರೇ ಒಬ್ಬನನ್ನು ಬೈಯುತ್ತಿರುವಾಗ ‘ಸಾಕು ಬಿಡಪ್ಪ’ ಎಂದು ಒಂದು ಸಾಲು ಬರೆಯುವುದು ಸಂತೆಯಲ್ಲಿ ನಡುವೆ ಬರುತ್ತಿದ್ದವರ ಕೆಲಸಕ್ಕೆ ಸಮ. ಕಾಣದವನ ವಿಷಯವಾಗಿ ಕಥೆಯೊಂದು ಮೊದಲು ಬಂದಾಗ, ಅವನು ಯಾವೂರಿನವನು, ಯಾರ ಮನೆಯ ಮಗನು ಎಂದು ಮನಸ್ಸಿನಲ್ಲಿಯಾದರೂ ಕೇಳಿಕೊಳ್ಳುವುದು ಕಟ್ಟೆಯ ಹಿರಿಯರ ಪ್ರಶ್ನೆಗೆ ಸಮ.

ಸಂತೇಬೆನ್ನೂರಿನ ಮುಸಾಫಿರ್‌ಖಾನೆಯನ್ನು ಕಟ್ಟಿದವರಿಗೆ ಅಲ್ಲಿ ತಂಗುವವರು ಯಾರೆಂಬುದು ಗೊತ್ತಿರಲಿಲ್ಲ. ಬಳ್ಳಿಗಾವೆಯಲ್ಲಿ ಅನ್ನಕ್ಕೆ ಭೂಮಿ ಬಿಟ್ಟವರಿಗೆ ಉಣ್ಣುವವರು ಯಾರೆಂಬುದು ಗೊತ್ತಿರಲಿಲ್ಲ. ಕಾಣದವನಿಗಾಗಿ ಮಾಡುವ ಕೆಲಸವೂ ಉಂಟೆಂಬುದಕ್ಕೆ ಈ ಸೀಮೆಯ ಕಲ್ಲುಗಳೇ ಆಧಾರ.